ಬಂಪರ್ ಬಣ್ಣ ಬಾಗಿದ್ದಕ್ಕೆ ಏಳಲಿಲ್ಲ

ಓದುಗರ ಪ್ರಶ್ನೆ: ನಮ್ಮೂರು ಹೊಳಲ್ಕೆರೆ ಹತ್ತಿರ. ಎಂಟು ವರ್ಷದ ಬಿಳಿ ಕಾರು ಇದೆ. ಹೋದ ಮಳೆಗಾಲದಲ್ಲಿ ರಾತ್ರಿ ಹಂದಿ ಅಡ್ಡ ಬಂದು ಮುಂದಿನ ಬಂಪರ್ ಒಡೆಯಿತು. ದಾವಣಗೆರೆಯಲ್ಲಿ ಬಣ್ಣವಿಲ್ಲದ ಹೊಸ ಕಪ್ಪು ಬಂಪರ್ ಕೊಂಡು, ಅಲ್ಲೇ ಒಂದು ಶೆಡ್ಡಿನಲ್ಲಿ ಬಣ್ಣ ಹೊಡೆಸಿದೆ. ತಂದಾಗ ಹೊಳಪು ನೋಡಿ ಖುಷಿಯಾಗಿತ್ತು. ಐದು ತಿಂಗಳಾಗಿರಬಹುದು, ವಾಟರ್ ಸರ್ವಿಸ್‌ಗೆ ಬಿಟ್ಟಾಗ ಪ್ರೆಷರ್ ನೀರಿಗೆ ಹೆಡ್‌ಲೈಟ್ ಕೆಳಗೆ ಅಂಗೈಯಗಲ ಬಣ್ಣ ಎದ್ದು ಹೋಯಿತು. ಈಗ ಉಗುರು ಹಾಕಿ ಎಳೆದರೆ ಇನ್ನಷ್ಟು ಬರುತ್ತದೆ, ಒಳಗೆ ಬರೀ ಕಪ್ಪು ಪ್ಲಾಸ್ಟಿಕ್. ಕೆಳಗಿನ ಅಂಚಿನಲ್ಲಿ, ಹಂಪ್‌ಗೆ ತಾಗುವ ಕಡೆ, ಬಣ್ಣ ಎದ್ದಿಲ್ಲ, ಆದರೆ ಸಣ್ಣ ಸಣ್ಣ ಬಿರುಕು ಬಂದಿದೆ. ಪೇಂಟರ್ ಕೇಳಿದರೆ, "ಪ್ಲಾಸ್ಟಿಕ್ ಬಾಗುತ್ತೆ ಸಾರ್, ಅದರ ಮೇಲೆ ಬಣ್ಣ ಇಷ್ಟೇ ತಡೆಯೋದು. ಎದ್ದ ಕಡೆ ಪುಟ್ಟಿ ಹಾಕಿ ಇನ್ನೊಂದು ಕೈ ಹೊಡೆದುಕೊಡ್ತೀನಿ" ಅನ್ನುತ್ತಾರೆ. ನನ್ನ ಮಾವನ ಮಗ ಬ್ಲೋ ಲ್ಯಾಂಪ್ ಆಡಿಸಿ ಹೊಡೆದರೆ ಹಿಡಿಯುತ್ತೆ ಅನ್ನುತ್ತಾನೆ. ಸ್ನೇಹಿತರೊಬ್ಬರು ಬಣ್ಣಕ್ಕೆ ಫ್ಲೆಕ್ಸ್ ಬೆರೆಸಬೇಕಿತ್ತು ಅಂದರು. ಯಾರ ಮಾತು ನಂಬಲಿ? ಸ್ಪ್ರೇ ಡಬ್ಬಿ ತಂದು ನಾನೇ ಹೊಡೆಯಬಹುದೇ? ಜೊತೆಗೆ ಚಕ್ರದ ಸುತ್ತಲಿನ ಕಪ್ಪು ಪಟ್ಟಿಗಳು ಬೂದಿ ಬಣ್ಣಕ್ಕೆ ತಿರುಗಿವೆ. ಅವಕ್ಕೂ ಬಣ್ಣ ಹೊಡೆಸಲೇ?

ಉತ್ತರ:

ನೀವು ಎರಡು ಸಂಗತಿ ಬಿಡದೆ ಬರೆದಿದ್ದೀರಿ, ಅದರಿಂದ ನನ್ನ ಕೆಲಸ ಹಗುರಾಯಿತು. ಮೇಲೆ ಬಣ್ಣ ಎದ್ದಿದೆ, ಕೆಳಗೆ ಬಿರುಕು ಬಿಟ್ಟಿದೆ. ಇವು ಎರಡು ಬೇರೆ ಕಾಯಿಲೆ. ಕಾರಣವೂ ಬೇರೆ, ಮದ್ದೂ ಬೇರೆ. ನಿಮ್ಮ ಪೇಂಟರ್ ಎರಡಕ್ಕೂ ಸೇರಿಸಿ "ಪ್ಲಾಸ್ಟಿಕ್ ಬಾಗುತ್ತೆ" ಅಂದುಬಿಟ್ಟಿದ್ದಾರೆ. ಹೆಡ್‌ಲೈಟ್ ಕೆಳಗಿನ ಭಾಗ ಬಾಗುವುದೇ ಇಲ್ಲ ಅನ್ನಬಹುದು. ಅಲ್ಲಿ ಬಣ್ಣ ಏಳಲು ಬಾಗುವಿಕೆ ಕಾರಣವಾಗಿದ್ದರೆ, ಹಂಪ್‌ಗೆ ದಿನಾ ತಾಗಿ ನಿಜವಾಗಿಯೂ ಬಾಗುವ ಕೆಳಗಿನ ಅಂಚು ಮೊದಲು ಎದ್ದಿರಬೇಕಿತ್ತು.

ಎದ್ದ ಬಣ್ಣದ ಒಂದು ಚೂರು ತೆಗೆದುಕೊಳ್ಳಿ. ಅದನ್ನು ತಿರುಗಿಸಿ ಹಿಂಬದಿ ನೋಡಿ. ನೀವು ಬರೆದ ಪ್ರಕಾರ ಬಂಪರ್ ಮೇಲೆ ಪ್ರೈಮರ್‌ನ, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳಪದರದ, ಕಲೆಯೂ ಉಳಿದಿಲ್ಲ. ಹಾಗಾದರೆ ಚೂರಿನ ಹಿಂಬದಿಯಲ್ಲಿ ಬೂದು ಪ್ರೈಮರ್ ಇರಬೇಕು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನುಣುಪಾಗಿ ಹೊಳೆಯುತ್ತಿದ್ದರೆ ಬಂಪರ್‌ಗೆ ಉಪ್ಪು ಕಾಗದವನ್ನೇ ಮುಟ್ಟಿಸಿಲ್ಲ ಎಂದರ್ಥ. ಪ್ಲಾಸ್ಟಿಕ್‌ನ ಹೊಳಪೇ ಪ್ರೈಮರ್ ಮೇಲೆ ಅಚ್ಚಾಗಿದೆ. ಸಣ್ಣ ಗೆರೆಗಳು ಕಂಡರೆ ಉಜ್ಜಿದ್ದಾರೆ, ಆದರೂ ಹಿಡಿದಿಲ್ಲ, ಅಂದರೆ ನಡುವೆ ಏನೋ ತಪ್ಪಿದೆ. ಬಂಪರ್ ಮೇಲೆ ಬೂದು ಪ್ರೈಮರ್ ಉಳಿದು ಬಿಳಿ ಬಣ್ಣ ಮಾತ್ರ ಬಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆಗ ಪ್ರೈಮರ್ ಒಣಗಿ ಬಹಳ ದಿನವಾದ ಮೇಲೆ ಉಜ್ಜದೆ ಬಣ್ಣ ಹೊಡೆದಿದ್ದಾರೆ ಅಂತ ಹೇಳುತ್ತಿದ್ದೆ. ನಮ್ಮ ಶೆಡ್ಡಿಗೆ ಎದ್ದ ಬಣ್ಣದ ಗಾಡಿ ಬಂದಾಗ ನಾನು ಮೊದಲು ಕೇಳುವುದು ಆ ಚೂರನ್ನೇ. ಬಣ್ಣ ಯಾವ ಪದರದಲ್ಲಿ ಕೈಬಿಟ್ಟಿದೆ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದಂತೆ.

ಈಗ ಪ್ಲಾಸ್ಟಿಕ್ ಏಕೆ ಬಣ್ಣ ಹಿಡಿಯುವುದಿಲ್ಲ ಅನ್ನುವುದು. ಇವತ್ತಿನ ಕಾರುಗಳ ಬಂಪರ್ ಹೆಚ್ಚಿನಂಶ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಪೆಟ್ಟು ತಡೆಯಲಿ ಅಂತ ಅದಕ್ಕೆ ಇಪಿಡಿಎಂ ಅನ್ನುವ ರಬ್ಬರ್ ಬೆರೆಸುತ್ತಾರೆ, ಗಟ್ಟಿತನಕ್ಕೆ ಟಾಲ್ಕ್ ಪುಡಿ ಸೇರಿಸುತ್ತಾರೆ. ಬಂಪರ್ ಬಿಚ್ಚಿ ಒಳಮೈ ನೋಡಿದರೆ 'ಪಿಪಿ ಪ್ಲಸ್ ಇಪಿಡಿಎಂ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲಿ 'ಟಿ' ಅಂತ ಬರೆದು 10 ಅಥವಾ 20 ಇದ್ದರೆ ಅದು ಟಾಲ್ಕ್‌ನ ಶೇಕಡಾ ಪ್ರಮಾಣ. ಪಾಲಿಪ್ರೊಪಿಲೀನ್ ಮೇಣದ ಜಾತಿಯ ವಸ್ತು, ಬೇರೆ ಯಾವುದನ್ನೂ ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಬಣ್ಣ ಎದ್ದ ಕಡೆಯ ಬರೀ ಪ್ಲಾಸ್ಟಿಕ್ಕನ್ನು ಸೋಪಿನಲ್ಲಿ ತೊಳೆದು ಒರೆಸಿ, ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಲ್ಲುತ್ತದೆ, ಹರಡುವುದಿಲ್ಲ. ನೀರು ಹರಡದ ಮೈಮೇಲೆ ಬಣ್ಣವೂ ಸರಿಯಾಗಿ ಒದ್ದೆಯಾಗಿ ಕೂರುವುದಿಲ್ಲ. ಮೇಲಿಂದ ಪದರದಂತೆ ಕಂಡರೂ ಕೆಳಗೆ ಹಿಡಿತವಿರುವುದಿಲ್ಲ. ಎಲ್ಲೋ ಒಂದು ಕಲ್ಲು ಬಡಿದು ಚಿಕ್ಕ ತೂತು ಬೀಳುತ್ತದೆ, ಆ ಅಂಚಿಗೆ ಪ್ರೆಷರ್ ನೀರು ನುಗ್ಗುತ್ತದೆ, ಪದರ ಪೂರ್ತಿ ಎದ್ದು ಬರುತ್ತದೆ. ಹಾಗಾಗಿ ವಾಟರ್ ಸರ್ವಿಸ್‌ನವರ ಮೇಲೆ ತಪ್ಪು ಹೊರಿಸಬೇಡಿ. ಅವರ ನೀರು ಒಳಗಿದ್ದ ದೋಷವನ್ನು ಹೊರಗೆ ತಂದಿತು ಅಷ್ಟೆ.

ಇನ್ನೊಂದು ಕಾರಣವೂ ಹೊಸ ಬಂಪರ್‌ಗಳಲ್ಲಿ ಸಾಮಾನ್ಯ. ಬಂಪರ್ ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಬಳಸುವ ಜಿಡ್ಡು ಅದರ ಮೈಮೇಲೆ ತೆಳುವಾಗಿ ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಣ್ಣೆ ಸವರಿದ ಹಂಚಿನ ಮೇಲಿನ ದೋಸೆ ಸಲೀಸಾಗಿ ಏಳುತ್ತದಲ್ಲ, ಬಣ್ಣವೂ ಹಾಗೆಯೇ. ಪೆಟ್ರೋಲ್ ಅಥವಾ ಥಿನ್ನರ್ ಬಟ್ಟೆಯಲ್ಲಿ ಒಂದು ಸಲ ಒರೆಸಿಬಿಟ್ಟರೆ ಆ ಜಿಡ್ಡು ಹೋಗುವುದಿಲ್ಲ, ಈ ತುದಿಯಿಂದ ಆ ತುದಿಗೆ ಸವರಿದಂತಾಗುತ್ತದೆ. ಉಪ್ಪು ಕಾಗದಕ್ಕೆ ಮೊದಲು ಬಿಸಿನೀರು, ಸೋಪು ಹಾಕಿ ತಿಕ್ಕಿ ತೊಳೆಯಬೇಕು. ತೊಳೆಯದೆ ಉಜ್ಜಿದರೆ ಜಿಡ್ಡನ್ನು ಗೆರೆಗಳ ಒಳಕ್ಕೆ ತುರುಕಿದ ಹಾಗೆ.

ಈಗ ಮೂವರ ಮಾತಿಗೆ ಬರೋಣ.

ನಿಮ್ಮ ಮಾವನ ಮಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಅಪಾಯ. ಕಾರ್ಖಾನೆಗಳಲ್ಲಿ ಬಣ್ಣಕ್ಕೆ ಮೊದಲು ಬಂಪರ್ ಮೇಲೆ ಬೆಂಕಿಯ ಜ್ವಾಲೆ ಆಡಿಸುವುದು ನಿಜವಾಗಿಯೂ ಒಂದು ವಿಧಾನ. ಜ್ವಾಲೆ ತಾಗಿದ ಮೇಲ್ಪದರ ಆಮ್ಲಜನಕದ ಜೊತೆ ಸೇರಿ ಸ್ವಭಾವ ಬದಲಿಸುತ್ತದೆ, ಬಣ್ಣಕ್ಕೆ ಹಿಡಿತ ಸಿಗುತ್ತದೆ. ಆದರೆ ಅಲ್ಲಿ ಬರ್ನರ್ ಹಿಡಿಯುವುದು ರೋಬೊ. ಜ್ವಾಲೆ ಎಷ್ಟು ದೂರದಲ್ಲಿರಬೇಕು, ಎಷ್ಟು ವೇಗದಲ್ಲಿ ಸಾಗಬೇಕು, ಗಾಳಿ ಗ್ಯಾಸ್ ಎಷ್ಟೆಷ್ಟು ಎಲ್ಲ ಮೊದಲೇ ನಿಗದಿಯಾಗಿರುತ್ತದೆ. ಮಾಡಿದ ಹಿಡಿತವೂ ಹೊತ್ತು ಕಳೆದಂತೆ ಇಳಿಯುತ್ತದೆ, ಅದಕ್ಕೇ ತಡಮಾಡದೆ ಬಣ್ಣಕ್ಕೆ ಕಳಿಸುತ್ತಾರೆ. ಸೀಮೆಎಣ್ಣೆ ಬ್ಲೋ ಲ್ಯಾಂಪಿನ ಹಳದಿ ಜ್ವಾಲೆ ಮಸಿ ಹಚ್ಚುತ್ತದೆ, ಹಿಡಿತ ಕೊಡುವುದಿಲ್ಲ. ಒಂದು ಕ್ಷಣ ಕೈ ನಿಂತರೆ ಆ ಜಾಗ ಅಲೆಯಾಗುತ್ತದೆ, ಫಾಗ್ ಲೈಟ್ ಕೂರುವ ತೂತು ಸೊಟ್ಟಗಾಗುತ್ತದೆ, ಬಂಪರ್ ಗುಜರಿಗೆ ಹೋಗುತ್ತದೆ. ಥಿನ್ನರ್, ಬಣ್ಣದ ಡಬ್ಬಿ ಇರುವ ಶೆಡ್ಡಿನಲ್ಲಿ ಬೆಂಕಿ ಹಿಡಿದು ಓಡಾಡುವ ಮಾತಂತೂ ಬೇಡವೇ ಬೇಡ.

ಫ್ಲೆಕ್ಸ್ ಬೆರೆಸಬೇಕಿತ್ತು ಅಂದ ಸ್ನೇಹಿತರು ಕೆಳಗಿನ ಬಿರುಕಿನ ಬಗ್ಗೆ ಮಾತಾಡುತ್ತಿದ್ದರೆ ಸರಿ, ಎದ್ದ ಬಣ್ಣದ ಬಗ್ಗೆಯಾದರೆ ತಪ್ಪು. ಫ್ಲೆಕ್ಸ್ ಅಡಿಟಿವ್ ಬಣ್ಣದ ಪದರವನ್ನು ಬಾಗುವಂತೆ ಮಾಡುತ್ತದೆ, ಅಂಟಿಸುವುದಿಲ್ಲ. ಹಿಡಿತವಿಲ್ಲದ ಕಡೆ ಎಷ್ಟು ಫ್ಲೆಕ್ಸ್ ಹಾಕಿದರೂ ಬಾಗುವ ಸಿಪ್ಪೆ ಏಳುತ್ತದೆ, ಅಷ್ಟೆ. ಇದೇ ಮಾತನ್ನು ನಾನು ಹುಡುಗರಿಗೆ ಹೇಳಿ ಹೇಳಿ ಸುಸ್ತಾಗಿದ್ದೇನೆ. ಅಂಗಡಿಯಲ್ಲಿ ಫ್ಲೆಕ್ಸ್ ಡಬ್ಬಿ ಕೊಡಿ ಅಂದರೆ ತಟ್ಟನೆ ಕೊಡುತ್ತಾರೆ, ಹಿಡಿತ ಕೊಡುವ ಅಡ್ಹೀಷನ್ ಪ್ರಮೋಟರ್ ಕೇಳಿದರೆ ಎಷ್ಟೋ ಕಡೆ ಹುಡುಕಾಡಬೇಕು! ಈಗಿನ ಹಲವು ಒಳ್ಳೆ ಕ್ಲಿಯರ್ ಕೋಟ್‌ಗಳು (ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರ) ಬಂಪರ್‌ಗೆ ಸಾಕಾಗುವಷ್ಟು ತಾವೇ ಬಾಗುತ್ತವೆ. ಫ್ಲೆಕ್ಸ್ ಬೇಕೋ ಬೇಡವೋ, ಬೇಕಾದರೆ ಎಷ್ಟು ಪಾಲು ಅನ್ನುವುದು ಆಯಾ ಕಂಪನಿಯ ಡಬ್ಬಿ ಮೇಲೆ ಇರುತ್ತದೆ, ಅದನ್ನು ನೋಡಿ ಹಾಕಬೇಕು. ಅಳತೆ ಮೀರಿ ಸುರಿದರೆ ಕ್ಲಿಯರ್ ಬೇಗ ಒಣಗದೆ ಮೆತ್ತಗಾಗಿ, ಧೂಳು ಒರೆಸಿದರೂ ಗೆರೆ ಬೀಳುತ್ತದೆ.

ಹಾಗಾದರೆ ಕೆಳಗಿನ ಬಿರುಕು ಎಲ್ಲಿಂದ ಬಂತು? ಹೊಸ ಬಂಪರ್‌ಗೆ ಪುಟ್ಟಿ ಬೇಕಿರಲಿಲ್ಲ. ಆದರೆ ಸಾಗಣೆಯಲ್ಲಿ ತರಚಿದ ಗೆರೆಯನ್ನೋ ಕೂರಿಸುವಾಗ ಬಿದ್ದ ಪೆಟ್ಟನ್ನೋ ಮುಚ್ಚಲು ಬಾಗಿಲು, ಮಡ್‌ಗಾರ್ಡ್‌ಗೆ ಹಾಕುವ ಮಾಮೂಲಿ ಬಾಡಿ ಪುಟ್ಟಿ ಎಳೆದಿರುವ ಸಾಧ್ಯತೆ ಹೆಚ್ಚು. ತಗಡಿಗೆ ಸರಿಯಾದ ಆ ಪುಟ್ಟಿ ಒಣಗಿದರೆ ಕಲ್ಲು. ಬಂಪರ್ ಅಂಚು ಹಂಪ್‌ಗೆ ತಾಗಿ ಬಾಗುತ್ತದೆ, ಪುಟ್ಟಿ ಬಾಗಲಾರದೆ ಸೀಳುತ್ತದೆ, ಮೇಲಿನ ಬಣ್ಣವೂ ಅದರ ಜೊತೆ ಸೀಳುತ್ತದೆ. ಬಿಸಿಲೂ ಇದಕ್ಕೆ ಕೈಜೋಡಿಸುತ್ತದೆ. ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಬಿಸಿಲಲ್ಲಿ ನಿಂತ ಕಾರಿನ ಬಂಪರ್ ಮುಟ್ಟಿ ನೋಡಿ, ಕೈ ಇಡಲಾಗದು. ರಾತ್ರಿ ಅದೇ ತಣ್ಣಗಾಗುತ್ತದೆ. ಈ ತುದಿಯಿಂದ ಆ ತುದಿಗೆ ಬಂಪರ್ ದಿನಾ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿರುತ್ತದೆ. ಬಂಪರ್‌ಗೆಂದೇ ಬಾಗುವ ಪುಟ್ಟಿ ಬೇರೆ ಸಿಗುತ್ತದೆ. ಪ್ಲಾಸ್ಟಿಕ್ ಕೆಲಸಕ್ಕೆ ಅದನ್ನೇ ಕೇಳಬೇಕು.

ಇಷ್ಟಾದ ಮೇಲೆ ಪೇಂಟರ್ ಕೊಟ್ಟ ಸಲಹೆ ತಾನಾಗಿ ಬಿದ್ದುಹೋಗುತ್ತದೆ. ಎದ್ದ ಕಡೆ ಪುಟ್ಟಿ ತುಂಬಿ ಇನ್ನೊಂದು ಕೈ ಹೊಡೆದರೆ, ಇವತ್ತು ಎದ್ದಿಲ್ಲದ ಕಡೆಯ ಕೆಳಪದರವೂ ಹಿಡಿದಿರದ ಪದರವೇ ಅಲ್ಲವೇ? ಅದರ ಮೇಲೆ ಹೊಸ ಬಣ್ಣದ ಭಾರ ಹೇರಿದಂತಾಯಿತು. ಅವರು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ ಅಂದರೂ ಬೇಡ. ಆ ಬಂಪರ್ ಉಳಿಸಿಕೊಳ್ಳುವುದಾದರೆ ಈಗಿನ ಬಣ್ಣ ಪೂರ್ತಿ ತೆಗೆಯಲೇಬೇಕು.

ತೆಗೆಯುವಾಗಲೂ ಎಚ್ಚರ. ತಗಡಿಗೆ ಹಚ್ಚುವ ಪೇಂಟ್ ರಿಮೂವರ್ ಪ್ಲಾಸ್ಟಿಕ್‌ಗೆ ಹಚ್ಚಬಾರದು, ಒಳಗಿನ ರಬ್ಬರ್ ಅದನ್ನು ಹೀರಿ ಉಬ್ಬುತ್ತದೆ. ಹೀರಿದ್ದು ಆಮೇಲೆ ನಿಧಾನಕ್ಕೆ ಹೊರಬರುತ್ತ ಹೊಸ ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಥಿನ್ನರ್‌ನಲ್ಲಿ ನೆನೆಸಿ ತಿಕ್ಕುವುದೂ ಅಷ್ಟೇ ಕೆಟ್ಟದ್ದು. ನಿಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ, ಬಣ್ಣ ಹೇಗೂ ಹಿಡಿದಿಲ್ಲ. ಪ್ಲಾಸ್ಟಿಕ್ ಅಲಗಿನಿಂದ ಎತ್ತುತ್ತ, ಪ್ರೆಷರ್ ನೀರು ಬಿಡುತ್ತ ಹೋದರೆ ಬಹುಪಾಲು ಬಂದುಬಿಡುತ್ತದೆ. ಎಲ್ಲಿ ಗಟ್ಟಿ ಹಿಡಿದಿದೆಯೋ ಅಲ್ಲಿ ಮಾತ್ರ ಉಪ್ಪು ಕಾಗದ.

ಆಮೇಲಿನ ಕೆಲಸ ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಶೆಡ್ಡಿನಲ್ಲಿ ನಿಂತು ನೋಡಲು ನಿಮಗೆ ಅನುಕೂಲ. ಬಂಪರ್ ಗಾಡಿಯಿಂದ ಬಿಚ್ಚಿರಬೇಕು. ಗಾಡಿ ಮೇಲೆಯೇ ಟೇಪ್ ಕಟ್ಟಿ ಹೊಡೆದರೆ ಒಳ ಅಂಚಿಗೆ ಬಣ್ಣ ಸುತ್ತಿ ಹೋಗುವುದಿಲ್ಲ, ಟೇಪಿನ ಗೆರೆಯಿಂದಲೇ ಏಳಲು ಶುರುವಾಗುತ್ತದೆ. ಬಿಸಿನೀರು, ಸೋಪಿನ ತೊಳೆತ. ಕೊನೆಯ ಸಲ ಆರ್‌ಒ ಫಿಲ್ಟರ್ ನೀರು ಹಾಕಿದರೆ ಒಳ್ಳೆಯದು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರ ಉಪ್ಪು ಒಣಗಿ ಬಣ್ಣದಡಿ ಉಳಿದರೆ ತೇವ ಎಳೆದು ಗುಳ್ಳೆಯಾಗುತ್ತದೆ. ನಂತರ ಪ್ಲಾಸ್ಟಿಕ್ ಕ್ಲೀನರ್ ಹಚ್ಚಿ, ಅದು ಒಣಗುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಬೇಕು. ಆಮೇಲೆ ಬೂದು ಬಣ್ಣದ ಸ್ಕಾಚ್ ಬ್ರೈಟ್ ಅಥವಾ 500, 600 ನಂಬರಿನ ಕಾಗದದಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಹಿಡಿತ ಹೆಚ್ಚಲಿ ಅಂತ 120 ನಂಬರ್ ಹಾಕುವವರಿದ್ದಾರೆ. ಪಾಲಿಪ್ರೊಪಿಲೀನ್ ಒರಟು ಕಾಗದಕ್ಕೆ ಪುಡಿಯಾಗುವುದಿಲ್ಲ, ನವಿರಾದ ರೋಮ ಏಳುತ್ತದೆ. ಎಷ್ಟು ಪ್ರೈಮರ್ ಹೊಡೆದರೂ ಆ ರೋಮ ಮುಳುಗುವುದಿಲ್ಲ. ಗ್ರಿಲ್‌ನ ಮೂಲೆ, ನಂಬರ್ ಪ್ಲೇಟಿನ ಹಿಂದಿನ ತಗ್ಗು, ಒಳಕ್ಕೆ ಮಡಚಿದ ಅಂಚು ಇಲ್ಲೆಲ್ಲ ಬೆರಳು ತೂರಿಸಿ ಉಜ್ಜಬೇಕಾಗುತ್ತದೆ. ಬೇಸರದ ಕೆಲಸ, ಅದಕ್ಕೇ ಇಲ್ಲಿ ಕೈ ಹಾರಿಸುತ್ತಾರೆ, ಬಣ್ಣವೂ ಇಲ್ಲಿಂದಲೇ ಏಳುತ್ತದೆ.

ಒಣ ಬಟ್ಟೆಯಲ್ಲಿ ಜೋರಾಗಿ ಒರೆಸಿದಷ್ಟೂ ಪ್ಲಾಸ್ಟಿಕ್‌ಗೆ ಸ್ಟ್ಯಾಟಿಕ್ ವಿದ್ಯುತ್ ಏರಿ ಗಾಳಿಯ ಧೂಳನ್ನು ಎಳೆದುಕೊಳ್ಳುತ್ತದೆ. ಮೆಕ್ಕೆಜೋಳದ ಒಕ್ಕಣೆ ನಡೆಯುವ ದಿನಗಳಲ್ಲಿ ನಮ್ಮ ಸುತ್ತಮುತ್ತ ಇದು ದೊಡ್ಡ ತಲೆನೋವು. ಹಗುರಾದ ರವದಿ ಎಲ್ಲೆಂದರಲ್ಲಿ ಹಾರುತ್ತಿರುತ್ತದೆ. ಆಂಟಿ ಸ್ಟ್ಯಾಟಿಕ್ ಒರೆಸುವ ಬಟ್ಟೆ ಬಳಸಿ, ನೆಲಕ್ಕೆ ನೀರು ಚಿಮುಕಿಸಿದರೆ ತಕ್ಕಮಟ್ಟಿಗೆ ತಪ್ಪುತ್ತದೆ.

ಈಗ ಮುಖ್ಯ ಹಂತ, ಅಡ್ಹೀಷನ್ ಪ್ರಮೋಟರ್. ಕೆಲವರು ಪ್ಲಾಸ್ಟಿಕ್ ಪ್ರೈಮರ್ ಅನ್ನುತ್ತಾರೆ. ನೀರಿನಂತೆ ತೆಳು, ಬಣ್ಣವಿಲ್ಲದ್ದು ಅಥವಾ ಸ್ವಲ್ಪ ಬೆಳ್ಳಿ ಛಾಯೆಯದ್ದು. ಅದರೊಳಗಿನ ಕ್ಲೋರಿನ್ ಬೆರೆತ ಪಾಲಿಯೊಲೆಫಿನ್ (ಪಾಲಿಪ್ರೊಪಿಲೀನ್‌ನ ಜಾತಿಯದೇ ವಸ್ತು) ಒಂದು ಕೈಯಲ್ಲಿ ಪಾಲಿಪ್ರೊಪಿಲೀನನ್ನು, ಇನ್ನೊಂದು ಕೈಯಲ್ಲಿ ಮೇಲಿನ ಪ್ರೈಮರನ್ನು ಹಿಡಿಯುತ್ತದೆ. ಇದನ್ನು ತೆಳುವಾಗಿ ಒಂದೆರಡು ಸಲ ಹೊಡೆದರೆ ಸಾಕು. ಒಳ್ಳೆಯದಲ್ಲವೇ ಅಂತ ದಪ್ಪಗೆ ಹೊಡೆದರೆ ಅದೇ ದುರ್ಬಲ ಪದರವಾಗಿ ನಡುವೆ ಸೀಳುತ್ತದೆ. ಒಣಗಿದ ಮೇಲೆ ಉಜ್ಜಬಾರದು. ಡಬ್ಬಿಯಲ್ಲಿ ಹೇಳಿದ ಸಮಯದೊಳಗೆ ಮುಂದಿನ ಪದರ ಬೀಳಬೇಕು. ಊಟಕ್ಕೆ ಹೋಗಿ ಸಂಜೆ ಬಂದರೆ ಮತ್ತೆ ಮೊದಲಿನಿಂದ. ಇಡೀ ಬಂಪರ್ ಕೆಲಸದ ಖರ್ಚಿನಲ್ಲಿ ಇದರ ಪಾಲು ಚಿಕ್ಕದು, ಆದರೂ ಮೊದಲು ಕೈಬಿಡುವುದು ಇದನ್ನೇ. ಬಿಟ್ಟಿದ್ದು ಡೆಲಿವರಿ ದಿನ ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ.

ಅದರ ಮೇಲೆ ಹಾರ್ಡನರ್ (ಪದರವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಪ್ರೈಮರ್, ಬೇಕಿದ್ದರೆ ಅದಕ್ಕೆ ಫ್ಲೆಕ್ಸ್, ನಂತರ ಬಣ್ಣ, ಕ್ಲಿಯರ್. ಪದರಗಳು ತೆಳುವಾಗಿರಲಿ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸುಮಾರು 100 ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರ್‌ನ ಹತ್ತನೇ ಒಂದು ಪಾಲು. ಮೇಲೆ ಮೇಲೆ ಹೊಡೆಸಿ ಅದರ ಮೂರು ಪಟ್ಟಾದ ಬಂಪರ್‌ಗಳು ಸಣ್ಣ ಪೆಟ್ಟಿಗೂ ಬಿರಿಯುತ್ತವೆ. ಹೀಟರ್ ಇರುವ ಬೂತ್‌ನಲ್ಲಿ ಒಣಗಿಸುವುದಾದರೆ ಬಂಪರ್‌ಗೆ ಉದ್ದಕ್ಕೂ ಆಸರೆ ಬೇಕು. ಎರಡು ತುದಿಯಲ್ಲಿ ತೂಗುಹಾಕಿ 60 ಡಿಗ್ರಿ ಕೊಟ್ಟರೆ ನಡು ಜೋತು ಬೀಳುತ್ತದೆ, ಆಮೇಲೆ ಹೆಡ್‌ಲೈಟ್ ಪಕ್ಕದ ಸಂದಿ ಕೂಡುವುದಿಲ್ಲ.

ಒಂದು ಎಚ್ಚರಿಕೆ ಸ್ಕೂಟರ್, ಬೈಕ್ ಇರುವವರಿಗೂ ಸೇರಿಸುತ್ತೇನೆ. ಅವುಗಳ ಬಾಡಿ ಪ್ಯಾನೆಲ್ ಬಹಳಷ್ಟು ಎಬಿಎಸ್ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್. ಅದರ ಸ್ವಭಾವ ಉಲ್ಟಾ. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಥಿನ್ನರ್ ತಡೆಯುವುದಿಲ್ಲ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಯಾವ ಪ್ಲಾಸ್ಟಿಕ್ ಅಂತ ಒಳಮೈಯ ಅಚ್ಚು ನೋಡಿಯೇ ತೀರ್ಮಾನಿಸಿ. ಚೂರು ಹೆರೆದು ನೀರಿಗೆ ಹಾಕಿ, ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಎಬಿಎಸ್ ಅನ್ನುವ ಪರೀಕ್ಷೆ ಪ್ರಚಾರದಲ್ಲಿದೆ. ಟಾಲ್ಕ್ ಹೆಚ್ಚಿರುವ ಬಂಪರ್ ಚೂರು ಪಾಲಿಪ್ರೊಪಿಲೀನ್ ಆದರೂ ಮುಳುಗಬಹುದು. ಉಪ್ಪು ಕಾಗದ ಎಳೆದಾಗ ಒಣ ಪುಡಿ ಬಂದರೆ ಎಬಿಎಸ್, ಮೆತ್ತಿಕೊಳ್ಳುತ್ತ ರೋಮ ಎದ್ದರೆ ಪಾಲಿಪ್ರೊಪಿಲೀನ್ ಅನ್ನುವುದು ಅದಕ್ಕಿಂತ ವಾಸಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದು ಇದೇ, ಎಲ್ಲ ತೆಗೆಸಿ ಮೊದಲಿನಿಂದ ಹೊಡೆಸುವುದು. ತೆಗೆಯುವ ಕೂಲಿ ಸೇರುವುದರಿಂದ ಹೊಸ ಬಂಪರ್‌ಗೆ ಬಣ್ಣ ಹೊಡೆಸುವುದಕ್ಕಿಂತ ಖರ್ಚು ಹೆಚ್ಚು. ಕೆಳಗಿನ ಪುಟ್ಟಿ ಪೂರ್ತಿ ಹೋಗದಿದ್ದರೆ ಬಿರುಕು ಮರಳಿ ಬರುವ ಅಪಾಯವೂ ಇದೆ. ಮತ್ತೊಂದು, ಮತ್ತೆ ಹೊಸ ಬಂಪರ್. ಪ್ರೈಮರ್ ಹೊಡೆದೇ ಬರುವ ಬೂದು ಬಂಪರ್ ಸಿಕ್ಕರೆ ಅದನ್ನೂ ಕುರುಡಾಗಿ ನಂಬಬೇಡಿ. ಒಳ ಅಂಚಿನಲ್ಲಿ ಥಿನ್ನರ್ ಬಟ್ಟೆ ಆಡಿಸಿ, ಬೂದು ಬಣ್ಣ ಬಟ್ಟೆಗೆ ಕರಗಿ ಬಂದರೆ ಅದು ಸಾಗಣೆಗೆ ಹಚ್ಚಿದ ಬಣ್ಣ, ಅದರ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ಮೂರನೆಯ ದಾರಿ ಮೊದಲು ಹುಡುಕುತ್ತೇನೆ. ಕಂಪನಿ ಬಣ್ಣ ಗಟ್ಟಿಯಾಗಿರುವ, ಕ್ಲಿಪ್ ಕಿವಿಗಳು ಮುರಿಯದ ಹಳೆಯ ಅಸಲಿ ಬಂಪರ್. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಬಿಳಿಯೇ ಆಗಬೇಕಿಲ್ಲ, ಯಾವ ಬಣ್ಣವಾದರೂ ಸರಿ. ಹಳೆಯದು ಅಂತ ಮೂಗು ಮುರಿಯಬೇಡಿ. ಪ್ಲಾಸ್ಟಿಕ್‌ಗೆ ಹಿಡಿಯುವ ಕಷ್ಟದ ಕೆಲಸವನ್ನು ಕಾರ್ಖಾನೆ ಆಗಲೇ ಮಾಡಿ ಮುಗಿಸಿದೆ. ನಿಮ್ಮ ಪೇಂಟರ್ ಆ ಬಣ್ಣವನ್ನು ಉಜ್ಜಿ ಮೇಲೆ ಹೊಡೆದರಾಯಿತು, ಪ್ಲಾಸ್ಟಿಕ್ ಕಾಣುವ ತನಕ ಉಜ್ಜಿಹೋದ ಕಡೆ ಮಾತ್ರ ಪ್ರಮೋಟರ್ ಬೇಕು. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಬ್ಲೇಡಿನಿಂದ ಮೂಲೆಯಲ್ಲಿ ಅಡ್ಡ ಉದ್ದ ನಾಲ್ಕಾರು ಗೀರು ಎಳೆದು, ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಆ ಬಂಪರ್ ಹಿಂದೆ ಯಾರೋ ಹೊಡೆಸಿದ್ದಿರಬಹುದು, ಬಿಟ್ಟುಬಿಡಿ. ಬಣ್ಣದ ದಪ್ಪ ಅಳೆಯುವ ಮಾಮೂಲಿ ಮೀಟರ್ ತಗಡಿಗೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಮೇಲೆ ಇಟ್ಟು ಮೋಸ ಹೋಗಬೇಡಿ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಬಣ್ಣ ಎದ್ದಿದ್ದು ಅಪಘಾತವಲ್ಲ, ಅದಕ್ಕೆ ಕ್ಲೇಮ್ ಇಲ್ಲ. ಮುಂದೆ ಬಂಪರ್ ಒಡೆದು ಕ್ಲೇಮ್ ಮಾಡುವ ಸಂದರ್ಭ ಬಂದರೆ, ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ, ಬಣ್ಣದ ಸಾಮಗ್ರಿಗೂ ಶೇ 50. ಜೊತೆಗೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದೇ ಬಂಪರ್‌ಗೆ ಅದು ಗಿಟ್ಟುತ್ತದೆಯೇ ಅಂತ ಲೆಕ್ಕ ಹಾಕಿ ನೋಡಿ. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇದ್ದರೆ ಲೆಕ್ಕ ಬೇರೆ.

ಸ್ಪ್ರೇ ಡಬ್ಬಿಯಲ್ಲಿ ಇಡೀ ಬಂಪರ್ ಬೇಡ. ದೊಡ್ಡ ಮೈಗೆ ಡಬ್ಬಿಯ ಚಿಕ್ಕ ಬಾಯಿ ಸಾಲದು, ಪಟ್ಟೆ ಪಟ್ಟೆಯಾಗುತ್ತದೆ. ಮಾಮೂಲಿ ಡಬ್ಬಿಯ ಕ್ಲಿಯರ್‌ಗೆ ಹಾರ್ಡನರ್ ಇಲ್ಲ, ಪೆಟ್ರೋಲ್ ಹನಿ ಬಿದ್ದರೆ ಮೆತ್ತಗಾಗುತ್ತದೆ. ತಳದಲ್ಲಿ ಗುಂಡಿ ಒತ್ತಿ ಹಾರ್ಡನರ್ ಬೆರೆಸುವ ಡಬ್ಬಿಗಳು ಗಟ್ಟಿ, ಆದರೆ ಅವುಗಳಲ್ಲಿ ಐಸೊಸೈನೇಟ್ ಇರುತ್ತದೆ. ಅದನ್ನು ಉಸಿರಾಡಿದರೆ ಉಬ್ಬಸ ಹಿಡಿಯಬಹುದು, ಒಮ್ಮೆ ಮೈ ಅದಕ್ಕೆ ಅಲರ್ಜಿಗೊಂಡರೆ ಜೀವನಪೂರ್ತಿ ಬಿಡುವುದಿಲ್ಲ. ಕರವಸ್ತ್ರ, ಕೊರೊನಾ ಕಾಲದ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸ್ಪ್ರೇ ಗನ್ ಹಿಡಿದು ಬರಿಮುಖದಲ್ಲಿ ಹೊಡೆಯುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಕನ್ನಡಿಯ ಕವರ್, ಫಾಗ್ ಲೈಟ್ ಫ್ರೇಮ್‌ನಂಥ ಚಿಕ್ಕ ಭಾಗಗಳನ್ನು ಪ್ರಮೋಟರ್ ಡಬ್ಬಿ, ಬಣ್ಣದ ಡಬ್ಬಿ ತಂದು ಬಯಲಲ್ಲಿ, ಗಾಳಿ ನಿಂತ ಹೊತ್ತಿನಲ್ಲಿ ನೀವೇ ಮಾಡಿಕೊಳ್ಳಬಹುದು.

ಬಣ್ಣ ಕೂಡದಿರುವ ಬಗ್ಗೆ ಮೊದಲೇ ತಿಳಿದಿರಲಿ. ಎಂಟು ವರ್ಷ ಬಿಸಿಲು ಕಂಡ ಬಾನೆಟ್, ಇವತ್ತು ಹೊಡೆದ ಬಂಪರ್ ಒಂದೇ ಕೋಡ್‌ನ ಬಣ್ಣವಾದರೂ ಪಕ್ಕಪಕ್ಕ ಸ್ವಲ್ಪ ಬೇರೆ ಕಾಣುತ್ತವೆ. ನಿಮ್ಮದು ಸಾದಾ ಬಿಳಿಯಾದರೆ ಹೆಚ್ಚು ತೊಂದರೆಯಿಲ್ಲ, ಮುತ್ತಿನ ಬಿಳಿಯಾದರೆ ಮೊದಲು ತಗಡಿನ ತುಂಡಿನ ಮೇಲೆ ಹೊಡೆದು ಬಿಸಿಲಿಗೆ ಹಿಡಿದು ನೋಡಲು ಹೇಳಿ.

ಇನ್ನು ಬೂದಿಯಾದ ಕಪ್ಪು ಪಟ್ಟಿಗಳು. ಇವಕ್ಕೆ ಬಣ್ಣ ಬೇಡ ಅನ್ನುತ್ತೇನೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲ್ಮೈ ಸವೆದು ಬೂದಿಯಂತೆ ಕಾಣುತ್ತಿದೆ, ಒಳಗೆ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇದೆ. ಹೀಟ್ ಗನ್ ಆಡಿಸಿದರೆ ಕ್ಷಣದಲ್ಲಿ ಕಪ್ಪಾಗುವುದು ನಿಜ, ಕೆಲವು ತಿಂಗಳಲ್ಲಿ ಮತ್ತೆ ಬೂದಿ. ನಮ್ಮಲ್ಲಿ ಡೀಸೆಲ್, ಕೊಬ್ಬರಿ ಎಣ್ಣೆ ಒರೆಸುವ ರೂಢಿಯಿದೆ. ಎರಡು ದಿನ ಹೊಳೆಯುತ್ತದೆ, ಮೂರನೆಯ ದಿನ ಊರಿನ ಧೂಳೆಲ್ಲ ಅದರ ಮೇಲೆ. ವಾಟರ್ ಸರ್ವಿಸ್‌ನಲ್ಲಿ ಕೊನೆಗೆ ಹೊಡೆಯುವ ಸಿಲಿಕೋನ್ ಪಾಲಿಶ್ ಇನ್ನೂ ಕೆಟ್ಟದ್ದು. ಅದು ಬಂಪರ್ ಮೇಲೆ ಹಾರಿ ಕೂತಿದ್ದರೆ ಮುಂದೆ ಹೊಡೆಯುವ ಬಣ್ಣದಲ್ಲಿ ಮೀನುಕಣ್ಣಿನಂಥ ಕುಳಿ ಬೀಳುತ್ತದೆ. ಹಾಗಾಗಿ ಬಣ್ಣಕ್ಕೆ ಬಿಡುವ ಮುಂಚಿನ ದಿನಗಳಲ್ಲಿ ಪಾಲಿಶ್ ಬೇಡ ಅಂತ ಹೇಳಿ. ಪಟ್ಟಿಗಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಪ್ಲಾಸ್ಟಿಕ್‌ಗೆಂದೇ ಬರುವ ಟ್ರಿಮ್ ಕೋಟಿಂಗ್ ಹಚ್ಚಿಸಿ. ಅದು ಸವೆದು ಹೋಗುತ್ತದೆ, ಏಳುವುದಿಲ್ಲ. ಬಣ್ಣ ಹೊಡೆಸಿದರೆ ಮೇಲಿನ ತರಿತರಿ ನಕ್ಷೆ ತುಂಬಿಹೋಗುತ್ತದೆ. ಚಕ್ರದಿಂದ ಸಿಡಿಯುವ ಜಲ್ಲಿ ಬಡಿದು ಬಡಿದು ಅಲ್ಲಲ್ಲಿ ಚುಕ್ಕೆ ಬೀಳುತ್ತದೆ. ಒಮ್ಮೆ ಹೊಡೆಸಿದಿರೋ, ಪ್ರತಿ ಸಲವೂ ಹೊಡೆಸುತ್ತಿರಬೇಕು.

ಪೇಂಟರ್ ಹತ್ತಿರ ಮತ್ತೆ ಹೋಗುವಾಗ ಜಗಳ ಬೇಡ. ಒಳಮೈ ಅಚ್ಚು ನೋಡಿದಿರಾ, ಯಾವ ಪ್ರಮೋಟರ್ ಹಾಕ್ತೀರಿ, ಡಬ್ಬಿ ತೋರಿಸಿ ಅಂತ ಕೇಳಿ. ಗೊತ್ತಿರುವವರು ಡಬ್ಬಿ ತಂದು ಮುಂದಿಡುತ್ತಾರೆ. "ಅದೆಲ್ಲ ಏನೂ ಬೇಕಿಲ್ಲ" ಅಂದರೆ ಬೇರೆ ಶೆಡ್ ನೋಡಿ. ಬಣ್ಣ ಹೊಡೆದ ಮೇಲೆ ಒಂದು ತಿಂಗಳಾದರೂ ಪ್ರೆಷರ್ ನೀರು, ವ್ಯಾಕ್ಸ್ ಬೇಡ, ಬಕೆಟ್ ನೀರಲ್ಲಿ ತೊಳೆಯಿರಿ. ಆಮೇಲೂ ನೀರಿನ ಗನ್ ಒಂದಡಿಗಿಂತ ಹತ್ತಿರ ತರಬೇಡಿ ಅಂತ ನಿಂತು ಹೇಳಿ. ಎನ್‌ಎಚ್ 48ರಲ್ಲಿ ಜಲ್ಲಿ ಲಾರಿಯ ಹಿಂದೆ ಹೋಗಿ ಬಂದ ಮೇಲೆ ಬಂಪರ್ ನೋಡಿಕೊಳ್ಳಿ, ಚುಕ್ಕೆ ಬಿದ್ದಿದ್ದರೆ ಟಚ್‌ಅಪ್ ಬಣ್ಣ ಇಟ್ಟು ಬಾಯಿ ಮುಚ್ಚಿಬಿಡಿ.

ಬಂಪರ್ ಬಿಚ್ಚುವ ದಿನ ನಂಬರ್ ಪ್ಲೇಟ್ ವಿಷಯ ಮರೆಯಬೇಡಿ. ಎಚ್‌ಎಸ್‌ಆರ್‌ಪಿ ಪ್ಲೇಟಿನ ಲಾಕ್ ಒಮ್ಮೆ ಹಾಕಿದರೆ ಒಡೆದೇ ತೆಗೆಯಬೇಕು. ಪ್ಲೇಟ್ ಸೊಟ್ಟಗಾಗದ ಹಾಗೆ ಲಾಕ್ ಮಾತ್ರ ಒಡೆಯಲು ಹೇಳಿ, ಹೊಸ ಲಾಕ್ ಹಾಕಿಸುವ ವ್ಯವಸ್ಥೆ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಪ್ಲೇಟಿನ ತೂತುಗಳನ್ನು ಬಣ್ಣ ಹೊಡೆಯುವ ಮೊದಲೇ ಕೊರೆಸಿಬಿಡಿ. ಹೊಸ ಬಣ್ಣದ ಮೇಲೆ ಡ್ರಿಲ್ ಇಟ್ಟರೆ ಮುಂದಿನ ಸಿಪ್ಪೆ ಅಲ್ಲಿಂದ ಶುರುವಾಗುತ್ತದೆ.